ಬಳ್ಳಾರಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬರೀ 18 ನಿಮಿಷವೇ? ದೂರ ಮತ್ತು ಸಮಯದ ನಿಜವಾದ ಲೆಕ್ಕ

"ಬಳ್ಳಾರಿ–ಬೆಂಗಳೂರು ವಿಮಾನ ದೂರ 235 ಕಿ.ಮೀ. ಪ್ರಯಾಣದ ಸಮಯ 18 ನಿಮಿಷ." "ಭೂಮಿ ತಿರುಗುತ್ತಿರುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆ." "ದುಬೈಗೆ ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದು ಗಂಟೆ, ಯಾಕೆ ಗೊತ್ತಾ?" ಇಂಥ ಸಾಲುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಜೊತೆಗೆ ಯಾವುದೋ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಕೂಡ ಇರುತ್ತದೆ. ಹಾಗಾಗಿ ನಂಬದಿರಲು ಕಾರಣವೇ ಕಾಣುವುದಿಲ್ಲ.

ಇದರಲ್ಲಿ ಯಾರಿಗೂ ನಷ್ಟ ಇಲ್ಲವಲ್ಲ ಎನಿಸಬಹುದು. ಆದರೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಮಗಳನ್ನು ಓದಲು, ಮಗನನ್ನು ಕೆಲಸಕ್ಕೆ ಹೊರದೇಶಕ್ಕೆ ಕಳಿಸುವ ಮನೆಯವರು ಇದೇ ಅಂಕಿಗಳನ್ನು ನೋಡಿಕೊಂಡು ಗಾಡಿ ಗೊತ್ತುಮಾಡುತ್ತಾರೆ. ಲೆಕ್ಕ ಒಂದು ಗಂಟೆ ತಪ್ಪಿದರೆ ಸಾವಿರಾರು ರೂಪಾಯಿಯ ಟಿಕೆಟ್ ಕೈತಪ್ಪುತ್ತದೆ. ಹಾಗಾಗಿ ಒಂದೊಂದೇ ಅಂಕಿಯನ್ನು ಬಿಡಿಸಿ ನೋಡೋಣ.

235 ಕಿ.ಮೀ. ಸರಿ, ಆದರೆ ಅದು ಯಾವ ದೂರ?

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ ತೋರಿಸುವ ವೆಬ್‌ಸೈಟುಗಳು ಮಾಡುವ ಕೆಲಸ ತುಂಬಾ ಸರಳ. ಪ್ರತಿ ನಿಲ್ದಾಣದ ಅಕ್ಷಾಂಶ, ರೇಖಾಂಶ ಅವುಗಳ ಬಳಿ ಇರುತ್ತದೆ. ಭೂಮಿಯನ್ನು ಒಂದು ಗೋಳ ಎಂದುಕೊಂಡು, ಆ ಎರಡು ಬಿಂದುಗಳ ನಡುವೆ ಗೋಳದ ಮೈಮೇಲೆ ಅತಿ ಕಡಿಮೆ ದೂರ ಎಷ್ಟು ಎಂದು ಸೂತ್ರ ಹಾಕಿ ಹೇಳುತ್ತವೆ. ಇದಕ್ಕೆ ಮಹಾವೃತ್ತ ದೂರ ಎನ್ನುತ್ತಾರೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಚೆಂಡು ಅಥವಾ ದುಂಡನೆಯ ಕುಂಬಳಕಾಯಿ ತೆಗೆದುಕೊಂಡು ಎರಡು ಕಡೆ ಗುರುತು ಹಾಕಿ. ಒಂದು ರೇಷ್ಮೆ ಎಳೆಯನ್ನು ಎರಡೂ ಗುರುತಿಗೆ ಹಿಡಿದು ಬಿಗಿಯಾಗಿ ಎಳೆಯಿರಿ. ಎಳೆ ತಾನಾಗಿಯೇ ಹಿಡಿಯುವ ದಾರಿಯೇ ಅತಿ ಹತ್ತಿರದ ದಾರಿ. ಇದೇ ದಾರಿಯನ್ನು ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಬರೆದರೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. "ವಿಮಾನ ಸುತ್ತಿ ಬಳಸಿ ಹೋಗುತ್ತದೆ" ಎಂಬ ಅನುಮಾನ ಹುಟ್ಟುವುದು ಇಲ್ಲೇ. ಬಾಗಿದ್ದು ದಾರಿಯಲ್ಲ, ದುಂಡನೆಯ ಭೂಮಿಯನ್ನು ಹರಡಿ ಚಪ್ಪಟೆ ಮಾಡಿದ ನಕ್ಷೆ.

ಬಳ್ಳಾರಿಯ ಹಳೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಈ ಲೆಕ್ಕದಲ್ಲಿ ಸುಮಾರು 235 ಕಿ.ಮೀ. ಬರುತ್ತದೆ. ಆದ್ದರಿಂದ ಸಂದೇಶದಲ್ಲಿರುವ ದೂರ ಸುಳ್ಳಲ್ಲ. ತೊಂದರೆ ಇರುವುದು ಅದರ ಮುಂದಿನ ಅಂಕಿಯಲ್ಲಿ.

ವಿಮಾನವೇ ಇಲ್ಲದ ದಾರಿಗೂ ಸಮಯ ತೋರಿಸುತ್ತದೆ

ಬಳ್ಳಾರಿ ನಗರದೊಳಗಿನ ಹಳೆಯ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ "ಬಿಇಪಿ" ಎಂಬ ಮೂರಕ್ಷರದ ಸಂಕೇತ ಇದೆ. ಆದರೆ ಅಲ್ಲಿಂದ ದಿನನಿತ್ಯದ ಪ್ರಯಾಣಿಕ ವಿಮಾನ ಸೇವೆ ಇಲ್ಲ. ವೆಬ್‌ಸೈಟಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾದ್ದು ಎರಡು ಬಿಂದು ಮಾತ್ರ. ದೂರವನ್ನು ಗಂಟೆಗೆ 800 ಕಿ.ಮೀ.ನಿಂದ ಭಾಗಿಸಿದರೆ 18 ನಿಮಿಷ ಬಂತು. ಅಷ್ಟೇ ವಿಷಯ.

ಬಳ್ಳಾರಿ ಭಾಗದಲ್ಲಿ ಪ್ರಯಾಣಿಕ ವಿಮಾನ ಹಾರಾಡಿರುವುದು ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣದಿಂದ. ಕೇಂದ್ರದ ಉಡಾನ್ ಯೋಜನೆಯಡಿ 2017ರಲ್ಲಿ ಅಲ್ಲಿಂದ ಸೇವೆ ಆರಂಭವಾಯಿತು. ನಂತರ ಕಂಪನಿಗಳೂ ಮಾರ್ಗಗಳೂ ಬದಲಾಗುತ್ತ ಬಂದಿವೆ. ಸಣ್ಣ ನಿಲ್ದಾಣಗಳಲ್ಲಿ ಇದು ಸಾಮಾನ್ಯ. ಹಾಗಾಗಿ ದೂರ ತೋರಿಸುವ ಪುಟ ಇದೆ ಎಂದ ಮಾತ್ರಕ್ಕೆ ವಿಮಾನ ಇದೆ ಎಂದಲ್ಲ. ನೀವು ಹೊರಡುವ ದಿನಾಂಕ ಹಾಕಿ ಟಿಕೆಟ್ ಸಿಗುತ್ತದೆಯೇ ಎಂದು ವಿಮಾನ ಕಂಪನಿಯ ಪುಟದಲ್ಲಿ ನೋಡುವುದೊಂದೇ ಸರಿಯಾದ ದಾರಿ.

ಶಿವಮೊಗ್ಗದ ಉದಾಹರಣೆ ನೋಡಿ

ಬಳ್ಳಾರಿಯಷ್ಟೇ ದೂರದಲ್ಲಿ, ಆದರೆ ನಿಜವಾಗಿ ವಿಮಾನ ಹಾರಿರುವ ಊರು ಶಿವಮೊಗ್ಗ. ಅಲ್ಲಿನ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಇಳಿದದ್ದು ಅದೇ ವರ್ಷದ ಆಗಸ್ಟ್ 31ರಂದು. ನೇರ ದೂರ ಸುಮಾರು 240 ಕಿ.ಮೀ. ಗಂಟೆಗೆ 800 ಕಿ.ಮೀ. ಲೆಕ್ಕದಲ್ಲಿ ಇದೂ 18 ನಿಮಿಷದ ದಾರಿಯೇ. ಆದರೆ ವೇಳಾಪಟ್ಟಿಯಲ್ಲಿ ಈ ಮಾರ್ಗಕ್ಕೆ ಇಟ್ಟಿರುವುದು ಒಂದು ಗಂಟೆ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು. ಉಳಿದ ಸುಮಾರು ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ಮೊದಲನೆಯದು, ವಿಮಾನದ ಜಾತಿ. ಇಂಥ ಹತ್ತಿರದ ಊರುಗಳಿಗೆ ಹೆಚ್ಚಾಗಿ ಹಾರುವುದು ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ, ಸುಮಾರು 70 ಸೀಟಿನ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಅಲ್ಲಿಗೇ 18 ನಿಮಿಷ 29 ನಿಮಿಷ ಆಯಿತು.

ಎರಡನೆಯದು, ಆ ಪೂರ್ತಿ ವೇಗ ಸಿಗುವುದು ಮೇಲೆ ಏರಿದ ನಂತರ ಮಾತ್ರ. ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ವಿಮಾನಗಳು ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ಇಳಿಯುವಾಗ ದೊಡ್ಡ ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 260 ಕಿ.ಮೀ.ಗೆ ಬಂದಿರುತ್ತದೆ. ದಾರಿ ಚಿಕ್ಕದಾದಷ್ಟೂ ಏರುವುದು, ಇಳಿಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ.

ಮೂರನೆಯದು, ಟಿಕೆಟ್‌ನಲ್ಲಿ ಬರೆದಿರುವ ಸಮಯ ಆಕಾಶದ ಸಮಯ ಮಾತ್ರವಲ್ಲ. ವಿಮಾನ ನಿಂತ ಜಾಗದಿಂದ ಅಲುಗಾಡಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ಗಾಳಿಯ ದಿಕ್ಕಿಗೆ ತಕ್ಕಂತೆ ಸುತ್ತು ಹೊಡೆದು ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಬೆಂಗಳೂರಿನಂಥ ಗಿಜಿಗುಡುವ ನಿಲ್ದಾಣದಲ್ಲಿ ಇದಕ್ಕೇ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ.

ಕೆಲವು ವೆಬ್‌ಸೈಟುಗಳು ಭಾಗಾಕಾರ ಮಾಡಿದ ಮೇಲೆ ಏರಲು, ಇಳಿಯಲು ಎಂದು 30 ನಿಮಿಷ ಸೇರಿಸಿ ತೋರಿಸುತ್ತವೆ. ಅದು ಸ್ವಲ್ಪ ಹತ್ತಿರದ ಅಂದಾಜು. ಆದರೂ ಅಂದಾಜೇ.

"ಭೂಮಿ ತಿರುಗುತ್ತದೆ, ವಿಮಾನ ಸುಮ್ಮನೆ ನಿಂತರೆ ಸಾಕಲ್ಲ?"

ಇದು ಎರಡನೇ ಸಂದೇಶ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಮೊಳಕಾಲ್ಮೂರಿನ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1,600 ಕಿ.ಮೀ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 27 ಕಿ.ಮೀ. "ಹಾಗಿದ್ದರೆ ಹೆಲಿಕಾಪ್ಟರ್ ಮೇಲೇರಿ ನಿಂತುಕೊಂಡರೆ ಪಶ್ಚಿಮದ ಊರುಗಳು ತಾವಾಗಿಯೇ ಕೆಳಗೆ ಬರಬೇಕು" ಎಂಬುದು ವಾದ.

ಇದಕ್ಕೆ ಉತ್ತರ ಚಳ್ಳಕೆರೆ ತಾಲ್ಲೂಕಿನಲ್ಲೇ ಸಿಕ್ಕಿದೆ. ಅಲ್ಲಿ ಡಿಆರ್‌ಡಿಒ ಸಂಸ್ಥೆಯ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರ ಮೇ 28ರಂದು ಉದ್ಘಾಟನೆಯಾದದ್ದು. ಅದು ಪ್ರಯಾಣಿಕರ ನಿಲ್ದಾಣವಲ್ಲ, ಪರೀಕ್ಷೆಗಳಿಗೆಂದೇ ಇರುವ ರನ್‌ವೇ. ಇಸ್ರೋ ತನ್ನ ಮರುಬಳಕೆಯ ರೆಕ್ಕೆಯುಳ್ಳ ವಾಹನವನ್ನು ಅಲ್ಲಿ ಮೂರು ಬಾರಿ ಇಳಿಸಿ ನೋಡಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಹೊತ್ತೊಯ್ದು, ರನ್‌ವೇಯಿಂದ ನಾಲ್ಕೂವರೆ ಕಿ.ಮೀ. ಆಸುಪಾಸಿನ ದೂರದಲ್ಲಿ ಬಿಟ್ಟಿತು. ವಾಹನ ತಾನೇ ದಾರಿ ತಿದ್ದಿಕೊಂಡು ಬಂದು ಅದೇ ರನ್‌ವೇಯಲ್ಲಿ ಇಳಿಯಿತು. ಇಳಿದಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು.

ಈಗ ಯೋಚಿಸಿ. ಹೆಲಿಕಾಪ್ಟರ್ ಮೇಲಿದ್ದಾಗ ಭೂಮಿ ಮಾತ್ರ ಕೆಳಗೆ ಸರಿದುಹೋಗುವುದಾದರೆ, ಒಂದೇ ನಿಮಿಷದಲ್ಲಿ ಆ ರನ್‌ವೇ 27 ಕಿ.ಮೀ. ಪೂರ್ವಕ್ಕೆ ಓಡಿಹೋಗಿರಬೇಕಿತ್ತು. ಹಾಗಾಗಲಿಲ್ಲ. ಏಕೆಂದರೆ ನೆಲದ ಜೊತೆಗೆ ಅದರ ಮೇಲಿನ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ಹೆಲಿಕಾಪ್ಟರೂ ತಿರುಗುತ್ತದೆ. ಓಡುತ್ತಿರುವ ಬಸ್ಸಿನಲ್ಲಿ ಕೂತು ನಾಣ್ಯವನ್ನು ಮೇಲೆ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಅದೇ ಲೆಕ್ಕ ಇಲ್ಲಿಯೂ.

ಹೋಗುವ, ಬರುವ ಸಮಯ ಬೇರೆಯಾಗಲು ಕಾರಣ ಗಾಳಿ

ಹಾಗಾದರೆ ಒಂದೇ ದಾರಿಯಲ್ಲಿ ಹೋಗಲು, ಬರಲು ಬೇರೆ ಬೇರೆ ಸಮಯ ಏಕೆ? ಎತ್ತರದಲ್ಲಿ ಬೀಸುವ ಗಾಳಿಯಿಂದ. ನೆಲದಿಂದ 9–12 ಕಿ.ಮೀ. ಎತ್ತರದಲ್ಲಿ, ಮುಖ್ಯವಾಗಿ ನಮಗಿಂತ ಉತ್ತರದ ಪ್ರದೇಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ರಭಸದ ಗಾಳಿ ಹರಿಯುತ್ತದೆ. ಇದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಸಮಭಾಜಕದ ಕಡೆಯ ಬಿಸಿ ಗಾಳಿ, ಧ್ರುವದ ಕಡೆಯ ತಣ್ಣನೆಯ ಗಾಳಿ ಇವುಗಳ ವ್ಯತ್ಯಾಸದಿಂದ ಅದು ಹುಟ್ಟುತ್ತದೆ. ಅದನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ತಿರುಗುವಿಕೆ. ಅಂದರೆ ಭೂಮಿಯ ತಿರುಗುವಿಕೆಗೆ ಪಾತ್ರ ಇದೆ, ಆದರೆ ಗಾಳಿಯ ಮೂಲಕ ಮಾತ್ರ. ಅದರ ಫಲವೂ ಸಂದೇಶ ಹೇಳುವುದಕ್ಕೆ ಉಲ್ಟಾ: ಇಂಥ ಕಡೆ ಪೂರ್ವಕ್ಕೆ ಹೋಗುವ ವಿಮಾನವೇ ಸಾಮಾನ್ಯವಾಗಿ ಬೇಗ ತಲುಪುತ್ತದೆ.

ಬೆಂಗಳೂರು–ದುಬೈ ನೇರ ದೂರ ಸುಮಾರು 2,700 ಕಿ.ಮೀ. ವಿಮಾನದ ಸ್ವಂತ ವೇಗ ಗಂಟೆಗೆ 850 ಕಿ.ಮೀ., ಗಾಳಿ 50 ಕಿ.ಮೀ. ಎಂದಿಟ್ಟುಕೊಳ್ಳಿ. ಎದುರುಗಾಳಿಯಲ್ಲಿ ಹೋಗುವಾಗ ನೆಲದ ಲೆಕ್ಕದ ವೇಗ 800, ಹಿಡಿಯುವುದು 3 ಗಂಟೆ 22 ನಿಮಿಷ. ಬೆನ್ನಗಾಳಿಯಲ್ಲಿ ಬರುವಾಗ ವೇಗ 900, ಹಿಡಿಯುವುದು 3 ಗಂಟೆ. ಎದ್ದು ಇಳಿಯುವ ಸಮಯ ಬಿಟ್ಟು, ಗಾಳಿಯೊಂದರಿಂದಲೇ 22 ನಿಮಿಷದ ವ್ಯತ್ಯಾಸ.

ಇದರ ದೊಡ್ಡ ಉದಾಹರಣೆ 2016ರ ಅಕ್ಟೋಬರ್‌ನದು. ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲಿನಿಂದ, ಪೂರ್ವಾಭಿಮುಖವಾಗಿ ಹಾರಿಸಲು ಆರಂಭಿಸಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸ ದಾರಿ ಸುಮಾರು 15,300 ಕಿ.ಮೀ. ದೂರ 1,400 ಕಿ.ಮೀ. ಹೆಚ್ಚಾಯಿತು. ಆದರೆ ಬೆನ್ನ ಹಿಂದಿನ ಗಾಳಿಯ ಬಲದಿಂದ ವಿಮಾನ ಸುಮಾರು 14.5 ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಬೇಗ. ದೂರ ಹೆಚ್ಚು, ಸಮಯ ಕಡಿಮೆ! ಬರೀ ಭಾಗಾಕಾರ ಮಾಡುವ ವೆಬ್‌ಸೈಟ್ ಇದನ್ನು ಎಂದೂ ಹೇಳಲಾರದು.

ದೇಶಗಳ ನಡುವಿನ ಜಗಳವೂ ಸಮಯವನ್ನು ಬದಲಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಯುರೋಪ್, ಅಮೆರಿಕದ ಕಡೆ ಹಾರುವ ವಿಮಾನಗಳು ಬಳಸಿಕೊಂಡು ಹೋಗಬೇಕಾಯಿತು. ನಿಲ್ದಾಣಗಳ ನಡುವಿನ ನೇರ ದೂರ ಒಂದು ಅಡಿಯೂ ಬದಲಾಗಿರಲಿಲ್ಲ. ಸಮಯ ಮಾತ್ರ ಏರಿತ್ತು.

"ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದು ಗಂಟೆ"

ಇದು ಗಾಳಿಯ ಆಟವಲ್ಲ, ಗಡಿಯಾರದ ಆಟ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು.

ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 4 ಗಂಟೆ ಹಾರಿ ದುಬೈ ಸಮಯ 12.30ಕ್ಕೆ ಇಳಿಯುತ್ತದೆ. ನೋಡಲು ಎರಡೂವರೆ ಗಂಟೆ. ವಾಪಸು ಮಧ್ಯಾಹ್ನ 2ಕ್ಕೆ ಹೊರಟು 3 ಗಂಟೆ 40 ನಿಮಿಷ ಹಾರಿದರೆ ನಮ್ಮ ಸಮಯ ಸಂಜೆ 7.10ಕ್ಕೆ ಇಳಿಯುತ್ತದೆ. ನೋಡಲು ಐದು ಗಂಟೆ ಹತ್ತು ನಿಮಿಷ. ನಿಜವಾಗಿ ಬರುವಾಗಲೇ ಕಡಿಮೆ ಹೊತ್ತು.

ದೂರ ಹೆಚ್ಚಿದಂತೆ ತಾರೀಖೇ ಬದಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದ ಹಾರಿಸಿಕೊಂಡು ಬಂದಿತ್ತು. ಹೊರಟದ್ದು ಅಲ್ಲಿಯ 2021ರ ಜನವರಿ 9ರ ರಾತ್ರಿ, ಇಳಿದದ್ದು ಇಲ್ಲಿಯ ಜನವರಿ 11ರ ನಸುಕಿನಲ್ಲಿ. ತಾರೀಖು ನೋಡಿದರೆ ಎರಡು ದಿನ ಹಾರಿದಂತೆ. ನಿಜವಾಗಿ ಹಾರಿದ್ದು ಸುಮಾರು 17 ಗಂಟೆ. ಉಳಿದದ್ದು ಎರಡು ಊರುಗಳ ನಡುವಿನ ಹದಿಮೂರೂವರೆ ಗಂಟೆಯ ಸಮಯ ವ್ಯತ್ಯಾಸ.

ಮೊಳಕಾಲ್ಮೂರಿನಿಂದ ಹೊರಡುವವರ ಲೆಕ್ಕ

ಮೊಳಕಾಲ್ಮೂರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರ ದೂರ ಸುಮಾರು 200 ಕಿ.ಮೀ. ಆದರೆ ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ರಸ್ತೆ 250 ಕಿ.ಮೀ. ಮೀರುತ್ತದೆ. ಊಟ, ಚಹಾ ಎಂದು ನಿಲ್ಲಿಸಿದರೆ ಐದರಿಂದ ಆರು ಗಂಟೆ ಇಟ್ಟುಕೊಳ್ಳಬೇಕು.

"ತೋರಣಗಲ್ಲಿನಿಂದ ವಿಮಾನ ಇದ್ದರೆ ಬೆಂಗಳೂರಿಗೆ ಒಂದೇ ಗಂಟೆ" ಎನ್ನುವವರಿದ್ದಾರೆ. ಕೂಡಿಸಿ ನೋಡಿ. ಅಲ್ಲಿಗೆ ಹೋಗಲು ಸುಮಾರು ಎರಡು ಗಂಟೆ, ನಿಲ್ದಾಣದಲ್ಲಿ ಒಂದೂವರೆ ಗಂಟೆ ಮೊದಲು ಇರಬೇಕು, ವಿಮಾನದ್ದು ಒಂದು ಗಂಟೆಯ ಮೇಲೆ, ಇಳಿದು ಲಗೇಜ್ ಪಡೆಯಲು ಅರ್ಧ ಗಂಟೆ. ಒಟ್ಟು ಐದು ಗಂಟೆ. ಗಾಡಿಯಲ್ಲಿ ನೇರ ಹೋದವರೂ ಹೆಚ್ಚೂ ಕಡಿಮೆ ಅಷ್ಟೇ ಹೊತ್ತಿಗೆ ತಲುಪಿರುತ್ತಾರೆ.

ಇನ್ನು ಹಲವರು ಎಡವುವ ಜಾಗ ಮಧ್ಯರಾತ್ರಿಯ ವಿಮಾನ. ಹೊರದೇಶದ ಎಷ್ಟೋ ವಿಮಾನಗಳು ರಾತ್ರಿ 12ರಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಟಿಕೆಟ್‌ನಲ್ಲಿ "15ನೇ ತಾರೀಖು 02.10" ಎಂದಿದ್ದರೆ ಅದು 14ರ ರಾತ್ರಿ ಕಳೆದ ಮೇಲಿನ 2 ಗಂಟೆ 10 ನಿಮಿಷ. ಮೂರು ಗಂಟೆ ಮೊದಲು ಎಂದರೆ 14ರ ರಾತ್ರಿ 11.10ಕ್ಕೆ ನಿಲ್ದಾಣದಲ್ಲಿರಬೇಕು. ಮೊಳಕಾಲ್ಮೂರು ಬಿಡಬೇಕಾದ್ದು 14ರ ಸಂಜೆ 5ಕ್ಕೆ, ಮಳೆಗಾಲವಾದರೆ 4ಕ್ಕೇ. "15ಕ್ಕೆ ವಿಮಾನ" ಎಂದು 15ರಂದು ಹೊರಟವರಿಗೆ ಸಿಗುವುದು ಖಾಲಿ ಆಕಾಶ.

ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ

- ಸಮಯವನ್ನು ದೂರದ ವೆಬ್‌ಸೈಟಿನಲ್ಲಿ ಅಲ್ಲ, ನಿಮ್ಮ ಟಿಕೆಟ್‌ನಲ್ಲಿ ನೋಡಿ. ಹೊರಡುವ ದಿನ ವಿಮಾನ ಕಂಪನಿಯ ಆ್ಯಪ್ ಅಥವಾ ಎಸ್‌ಎಂಎಸ್ ಮತ್ತೊಮ್ಮೆ ನೋಡಿ.
- ಟಿಕೆಟ್‌ನ ಸಮಯ ವಿಮಾನ ಅಲುಗಾಡುವ ಸಮಯ, ನೀವು ತಲುಪುವ ಸಮಯವಲ್ಲ. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.
- ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿವೆ. ದೇಶದೊಳಗಿನದಾದರೆ ಟಿ1 ಅಥವಾ ಟಿ2 ಎಂಬುದನ್ನು ಟಿಕೆಟ್‌ನಲ್ಲಿ ನೋಡಿ, ಡ್ರೈವರ್‌ಗೆ ಮೊದಲೇ ಹೇಳಿ.
- ದೂರದ ಅಂಕಿಯ ಪಕ್ಕ ಕಿಲೋಮೀಟರ್ ಇದೆಯೋ, ಮೈಲಿ ಇದೆಯೋ, ನಾಟಿಕಲ್ ಮೈಲಿ ಇದೆಯೋ ಗಮನಿಸಿ. ಒಂದು ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ 1.852 ಕಿ.ಮೀ.

ಸಾರಾಂಶ

"235 ಕಿ.ಮೀ." ನಿಜ. "18 ನಿಮಿಷ" ತಪ್ಪು ದಾರಿಗೆಳೆಯುವ ಅಂಕಿ. "ಪಶ್ಚಿಮಕ್ಕೆ ಹೋದರೆ ಬೇಗ" ಸುಳ್ಳು. "ಹೋಗುವಾಗ ಎರಡೂವರೆ, ಬರುವಾಗ ಐದು" ಗಡಿಯಾರದ ಗೊಂದಲ. ಮುಂದಿನ ಸಲ ಇಂಥ ಸ್ಕ್ರೀನ್‌ಶಾಟ್ ಬಂದಾಗ, ಅದನ್ನು ನಂಬಿ ಗಾಡಿ ಗೊತ್ತುಮಾಡುವವರು ನಿಮ್ಮ ಗುಂಪಿನಲ್ಲೇ ಇರಬಹುದು ಎಂಬುದು ನೆನಪಿರಲಿ. ಕಳಿಸಲೇಬೇಕೆಂದಿದ್ದರೆ "ಟಿಕೆಟ್‌ನ ಸಮಯ ನೋಡಿ, ಆರು ಗಂಟೆ ರಸ್ತೆಗೆ, ಮೂರು ಗಂಟೆ ನಿಲ್ದಾಣಕ್ಕೆ ಇಟ್ಟುಕೊಳ್ಳಿ" ಎಂಬ ಒಂದು ಸಾಲು ಕಳಿಸಿ. ಹೊರದೇಶಕ್ಕೆ ಮಕ್ಕಳನ್ನು ಕಳಿಸುವ ಮನೆಗೆ ಅದೇ ಹೆಚ್ಚು ಉಪಯೋಗ.